ಎರಡು ಕೌಂಟರ್, ಒಂದೇ ಗಾಯ

ನನ್ನ ಎಡಹುಬ್ಬನ್ನು ಸೀಳಿಕೊಂಡು ಹೋಗಿರುವ ಗೆರೆಯ ಬಗ್ಗೆ ಮೊಮ್ಮಕ್ಕಳು ನೀವಿಬ್ಬರೂ ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದು. ಬರೆದರೆ ಆದೀತು. ಇದರಲ್ಲಿ ರಕ್ತ ಬಹಳ ಇದೆ. ಅದನ್ನು ಒರೆಸಿಬಿಟ್ಟರೆ ನಡೆದದ್ದೇನೂ ಉಳಿಯುವುದಿಲ್ಲ. ಇನ್ನಷ್ಟು ದೊಡ್ಡವರಾದ ಮೇಲೆ ಓದಿ ಎಂದು ನಿಮ್ಮಮ್ಮ ಎತ್ತಿಟ್ಟರೂ ಸರಿಯೇ.

ಆಗ ನಾನು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ನನ್ನದು ಪರೀಕ್ಷೆ ಮಾಡುವ ಕೆಲಸ. ಎಂಜಿನಿಯರ್ ಏನಾದರೂ ಬದಲಾಯಿಸಿದರೆ ಕನ್ನಡದ ಕಾಗದಗಳು ಸರಿಯಾಗಿ ಅಚ್ಚಾಗಿ ಬರುತ್ತವೆಯೇ ಎಂದು ನೋಡಬೇಕು. ಮೀಟಿಂಗಿನಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ತಪ್ಪು ಕಂಡರೆ ಕಾಗದದ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿ, ಎಂಜಿನಿಯರ್ ಇಲ್ಲದ ಹೊತ್ತು ನೋಡಿ ಅವನ ಮೇಜಿನ ಮೇಲಿಟ್ಟು ಬರುತ್ತಿದ್ದೆ.

ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ನಮ್ಮ ಸಾಫ್ಟ್‌ವೇರ್ ಹಾಕಿದ್ದರು. ಹೊಡೆದಾಟದಲ್ಲಿ ಗಾಯಗೊಂಡವರು ಬಂದರೆ ಡಾಕ್ಟರು ಗಾಯಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಪರದೆಯ ಮೇಲೆ ಮನುಷ್ಯನ ಗೆರೆಚಿತ್ರವೊಂದಿರುತ್ತದೆ, ಮುಂಭಾಗ ಒಂದು, ಹಿಂಭಾಗ ಒಂದು. ಗಾಯ ಎಲ್ಲಿದೆಯೋ ಅಲ್ಲಿ ಒತ್ತಿದರೆ ಕೆಂಪು ಗುರುತು ಬೀಳುತ್ತದೆ. ಆಮೇಲೆ ಒಂದು ಗುಂಡಿ ಒತ್ತಿದರೆ ಗಾಯದ ಪ್ರಮಾಣಪತ್ರ ಪಿಡಿಎಫ್ ಆಗಿ ಅಚ್ಚಿಗೆ ಹೋಗುತ್ತದೆ: ಮೊದಲ ಪುಟದಲ್ಲಿ ಮಾತು, ಎರಡನೆಯದರಲ್ಲಿ ಚಿತ್ರ. ನಕಲನ್ನು ಕೌಂಟರಿನಲ್ಲೇ ಗಾಯಾಳುವಿಗೆ ಕೊಡುತ್ತಾರೆ; ಮೊದಲ ಪುಟಕ್ಕೆ ಡಾಕ್ಟರು ಸಹಿ ಹಾಕಿದ ಮೇಲೆ ಮೂಲ ಪ್ರತಿ ಠಾಣೆಗೆ. ಆ ಪಿಡಿಎಫ್ ತಯಾರಿಸುವ ಲೈಬ್ರರಿ ನಮ್ಮ ಕಂಪನಿಯದೇ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಎರವಲು ತಂದು ಬಳಸುವ, ಮೊದಲೇ ಬರೆದಿಟ್ಟ ಕೋಡು.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ದೂರು ಬಂತು. ಮ್ಯಾನೇಜರು ಎಂಜಿನಿಯರನ ಜೊತೆ ನನ್ನನ್ನೂ ಕಳಿಸಿದರು. ನಾವು ಹೋದಾಗ ಕೌಂಟರಿನ ಗಾಜಿನ ಮುಂದೆ ತಲೆಗೆ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬಳು ಗೋಡೆ ಹಿಡಿದುಕೊಂಡು ಕೂಗುತ್ತಿದ್ದಳು. ಯಾದಗಿರಿ ಕಡೆಯವಳು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಯಾವುದೋ ಟೆಕ್ ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ಗ್ರಾನೈಟ್ ಕತ್ತರಿಸುವ ಗಂಡ ಕಬ್ಬಿಣದ ಸಲಾಕೆಯಿಂದ ಅವಳ ತಲೆಗೆ ಹೊಡೆದು, ಕೆಳಗೆ ಬಿದ್ದವಳ ಹೊಟ್ಟೆಗೂ ಪಕ್ಕೆಗೂ ಒದ್ದಿದ್ದ. ಪಕ್ಕೆಲುಬು ಮುರಿದಿತ್ತು. ಅವನು ಜೈಲಿನಲ್ಲಿದ್ದ. ಆದರೆ ಅವಳ ಪ್ರಮಾಣಪತ್ರದ ಚಿತ್ರದಲ್ಲಿ ತಲೆಗೆ ಗುರುತಿಲ್ಲ, ಪಕ್ಕೆಗೂ ಇಲ್ಲ. ಬಲ ಮಣಿಕಟ್ಟಿನ ಮೇಲೆ ಒಂದು ಚುಕ್ಕೆ, ಅಷ್ಟೇ.

"ಸರಾ, ಪಟ್ಟಿ ಬಿಚ್ಚಿ ತೋರಸ್ಲೇನ್ರಿ? ಈ ತೆಲಿ ಮತ್ತ ಯಾರದ್ರಿ?" ಎಂದು ಅವಳು ಪಕ್ಕದಲ್ಲಿ ನಿಂತಿದ್ದ ಎಸ್‌ಐಯನ್ನು ಕೇಳುತ್ತಿದ್ದಳು.

"ಕೂಗ್ಬೇಡಮ್ಮ. ನಾನು ನಂಬ್ತೀನಿ, ಕೋರ್ಟು ನಂಬ್ಬೇಕಲ್ಲ?" ಎಂದರು ಅವರು. "ಮಾತಲ್ಲಿ ತಲೆ, ಪಕ್ಕೆ ಅಂತಿದೆ. ಚಿತ್ರದ ಬೊಂಬೇಲಿ ಮಣಿಕಟ್ಟು ಅಂತಿದೆ. ಬೊಂಬೆನೇ ನಿಜ, ಮಾತು ಆಮೇಲೆ ಬರೆಸ್ಕೊಂಡಿದ್ದು ಅಂತ ಅವನ ಲಾಯರು ಹಿಡ್ಕೊಂಡಿದಾನೆ. ಜಾಮೀನು ಅರ್ಜಿ ಈ ವಾರಾನೇ ಬರುತ್ತೆ."

"ಅಂವ ಹೊರಗ ಬಂದ್ರ ನನ್ನ ಹುಗೀತಾನ್ರಿ. ಹೇಳೇ ಹೋಗ್ಯಾನ."

ಎಂಜಿನಿಯರ್ ಒಳಗೆ ಹೋಗಿ ಅದೇ ದಾಖಲೆಯನ್ನು ಮತ್ತೆ ಅಚ್ಚು ಮಾಡಿದ. ಈ ಸಲ ಸರಿಯಾಗಿ ಬಂತು. ತಲೆಗೆ ಗುರುತು, ಪಕ್ಕೆಗೆ ಗುರುತು, ಹೊಟ್ಟೆಗೆ ಗುರುತು. ಎಸ್‌ಐ ಎರಡೂ ಕಾಗದಗಳನ್ನು ಎತ್ತಿ ಹಿಡಿದರು.

"ಇದು ಅವತ್ತು ಯಾಕೆ ಬರ್ಲಿಲ್ಲ?"

"ಯಾವಾಗ್ಲೋ ಒಂದ್ಸಲ ಹಂಗಾಗುತ್ತೆ ಸರ್."

"ಯಾವಾಗ್ಲೋ ಒಂದ್ಸಲ ಅಂತ ಜಡ್ಜ್ ಮುಂದೆ ಹೇಳ್ಲಾ? ಅದೇ ತಪ್ಪು ನನ್ನ ಕಣ್ಮುಂದೆ ಮಾಡಿ ತೋರ್ಸಿ, ಯಾಕಾಯ್ತು ಹೇಳಿ. ಆಗ ಬರ್ಕೊಂಡ್ ಹೋಗ್ತೀನಿ. ಇಲ್ಲಾಂದ್ರೆ ಇದು ತಿದ್ದಿದ ಕಾಗದ, ಅಷ್ಟೇ."

ಆಫೀಸಿಗೆ ಬಂದು ನಾನು ಪರೀಕ್ಷೆಗೆ ಕೂತೆ. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಅಚ್ಚು ಮಾಡುವುದು, ಮಾತನ್ನೂ ಚಿತ್ರವನ್ನೂ ಹೋಲಿಸುವುದು, ಪಕ್ಕಕ್ಕಿಡುವುದು. ಮಾತೆಂದರೆ ಎಂಥ ಮಾತು! ಬಾಯಲ್ಲಿ ಕಚ್ಚಿದ ಗಾಯ, ಕುದಿಯುವ ಎಣ್ಣೆಯಿಂದ ಸುಟ್ಟ ಎದೆ, ಇಟ್ಟಿಗೆಯಿಂದ ಜಜ್ಜಿದ ಕಾಲ್ಬೆರಳು, ಒಡೆದ ಬಾಟಲಿಯಿಂದ ಗೀರಿದ ಕೆನ್ನೆ. ಮಧ್ಯಾಹ್ನ ಡಬ್ಬಿ ತೆರೆದರೆ ಪಲ್ಯದ ಕೆಂಪು ಎಣ್ಣೆಯೇ ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟೆಲ್ಲ ನೋಡಿದರೂ ಒಂದೇ ಒಂದು ಚಿತ್ರ ತಪ್ಪಿ ಬರಲಿಲ್ಲ.

ಗುರುತುಗಳು ಬಹಳವಾದಾಗ ಕೈಕೊಡುತ್ತದೇನೋ ಎಂದು ಎಂಜಿನಿಯರ್ ಮೈತುಂಬ ಗುರುತು ಹಾಕಿ ನೋಡಿದ. ಸರಿಯಾಗಿಯೇ ಬಂತು. ಡಾಕ್ಟರೇ ತಪ್ಪು ಕಡೆ ಒತ್ತಿರಬಹುದು ಎಂದು ಅವರ ಮುಂದೆಯೇ ಬಾಯಿಬಿಟ್ಟ. ಅವರು ಮೌಸ್ ಕಿತ್ತು ಗೋಡೆಗೆ ಎಸೆದರು. "ಪಕ್ಕೆ ಮುರಿದವಳಿಗೆ ಮಣಿಕಟ್ಟು ಒತ್ತೋಕೆ ನಾನೇನು ಕುರುಡನಾ?"

ಕೊನೆಗೆ ಕೌಂಟರಿನ ಹಳೆಯ ಕಂಪ್ಯೂಟರ್ ಮೇಲೆ ಅನುಮಾನ ಬಂತು. ಅದನ್ನು ತೆಗೆದು ಹೊಸದು ಇಟ್ಟೆವು. ಸ್ವಲ್ಪ ದಿನ ಯಾವ ದೂರೂ ಇರಲಿಲ್ಲ. ಜಾಮೀನು ಅರ್ಜಿಯೂ ಮುಂದಕ್ಕೆ ಹೋಗಿತ್ತು. ಸಮಸ್ಯೆ ಮುಗಿಯಿತೆಂದು ಎಂಜಿನಿಯರ್ ನನಗೆ ಬಾದಾಮಿ ಹಾಲು ಕುಡಿಸಿದ. ಅವನು ಹಲಸೂರಿನವನು, ಮಾತು ಜಾಸ್ತಿ, ಮನಸ್ಸು ಒಳ್ಳೆಯದು.

ಅದರ ಮರುದಿನವೇ ಮಾರ್ಕೆಟ್ಟಿನ ಮಾಂಸದ ಗಲ್ಲಿಯಿಂದ ತೊಡೆಗೆ ಚಾಕು ಹಾಕಿಸಿಕೊಂಡವನೊಬ್ಬ ಬಂದ. ಅವನ ಚಿತ್ರದಲ್ಲಿ ತೊಡೆಗೆ ಏನೂ ಇರಲಿಲ್ಲ, ಕಿವಿಗೆ ಗುರುತಿತ್ತು. ವಿಚಾರಿಸಲು ಹೋದ ಎಂಜಿನಿಯರನನ್ನು ಅವನ ಕಡೆಯವರು ಕಾಲರ್ ಹಿಡಿದು ಎಳೆದು ಕೆನ್ನೆಗೆ ಬಾರಿಸಿದರು. ಕನ್ನಡಕ ಕೆಳಗೆ ಬಿತ್ತು. ಒಬ್ಬ ಅದನ್ನು ಬೇಕೆಂದೇ ತುಳಿದ. ನಾನು ಕಂಬದ ಹಿಂದೆ ನಿಂತಿದ್ದೆ. ಅವರು ಹೋದ ಮೇಲೆ ಗಾಜಿನ ಚೂರು ಆರಿಸಿದೆ.

"ನೀವಾದ್ರೂ ಒಂದ್ ಮಾತು ಹೇಳ್ಬಾರ್ದಾಮ್ಮ?" ಎಂದ ಅವನು, ತುಟಿಯ ರಕ್ತ ಒರೆಸಿಕೊಳ್ಳುತ್ತ.

"ಏನಂತ ಹೇಳ್ಲಿ? ನನಗೂ ಗೊತ್ತಿಲ್ವಲ್ಲಪ್ಪ."

ಆ ಸಂಜೆ ನಾನೊಬ್ಬಳೇ ಮೇಲಿನ ವಾರ್ಡಿಗೆ ಹೋಗಿ, ಅಲ್ಲಿ ದಾಖಲಾಗಿದ್ದ ಯಾದಗಿರಿಯವಳ ಮಂಚದ ಪಕ್ಕ ನಿಂತೆ. ನೀರಿನ ಲೋಟ ಎತ್ತಿಕೊಟ್ಟೆ. "ಹೆಂಗದಿ ಯವ್ವಾ?" ಎಂದದ್ದೇ ತಡ, ಅವಳ ಮುಖ ನನ್ನತ್ತ ತಿರುಗಿತು.

"ನೀವು ನಮ್ಮ ಕಡಿಯವರೇನ್ರಿ?"

"ಸಿಂಧನೂರು ಕಡೆ."

"ಮತ್ತ ಆ ಪ್ಯಾಂಟಿನವನ ಸಂಗಾಟ ಸುಮ್ಕ ನಿಂತಿದ್ರಲ್ರೀ! ನಾ ಯಾರೋ ಇಂಗ್ಲಿಷ್ ಮಾತಾಡೂ ಹೆಣಮಗಳು ಅಂದ್ಕೊಂಡಿದ್ದೆ."

ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು. ನೋವು ಇಳಿದ ಮೇಲೆ ನಾನು ಕೇಳಿದೆ, "ನಿನ್ನ ಮಣಿಕಟ್ಟಿಗೆ ಏನಾಗಿತ್ತವ್ವ?"

"ನನಗೇನಾಗಿತ್ರಿ? ಕುತಿಗಿ ಹಿಸುಕಾಕ ಬಂದ. ಕೈ ಸಿಕ್ತು, ಕಚ್ಚಿದೆ. ಹಲ್ಲಿಗೆ ಎಲುಬು ಹತ್ತೂ ಮಟ ಬಿಡ್ಲಿಲ್ಲ. ಅವನೂ ಇಲ್ಲೇ ಬಂದಿದ್ನಲ್ರಿ ಪಟ್ಟಿ ಕಟ್ಟಿಸ್ಕೊಳ್ಳಾಕ, ಪೊಲೀಸ್ರ ಕೂಡ."

ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು. ಆ ಚುಕ್ಕೆ ಎಲ್ಲಿಂದಲೋ ಹಾರಿಬಂದದ್ದಲ್ಲ. ಅದು ಗಂಡನ ಗಾಯ. ಎಂಜಿನಿಯರನಿಗೆ ಹೇಳಿದೆ. ಅವನು ಮಾಂಸದ ಗಲ್ಲಿಯ ಪ್ರಕರಣದ ಎದುರು ಪಾರ್ಟಿಯ ದಾಖಲೆ ತೆಗೆದು ನೋಡಿದ: ಅವನ ಕಿವಿ ಹರಿದಿತ್ತು. ಗಾಯಗಳು ಎದುರಾಳಿಯಿಂದ ಎದುರಾಳಿಗೆ ಹೋಗುತ್ತಿದ್ದವು. ಅಷ್ಟು ಗೊತ್ತಾದ ಮೇಲೆ ನಾವು ಗಂಡ-ಹೆಂಡತಿಯ ದಾಖಲೆಗಳನ್ನು ಒಂದಾದ ಮೇಲೆ ಒಂದರಂತೆ ಎಷ್ಟೋ ಸಲ ಅಚ್ಚು ಮಾಡಿದೆವು. ಅವನದು ಅವನಿಗೆ, ಅವಳದು ಅವಳಿಗೆ. ಒಂದೂ ತಪ್ಪಲಿಲ್ಲ.

ನಾನು ತುರ್ತು ವಿಭಾಗದಲ್ಲೇ ಕೂರುತ್ತೇನೆ ಎಂದೆ. ಕಾಗದ ಹುಟ್ಟುವುದನ್ನು ನಮ್ಮಲ್ಲಿ ಯಾರೂ ಅಲ್ಲಿ ಕೂತು ನೋಡಿರಲಿಲ್ಲ. "ಅಲ್ಲಿ ನಿಮ್ಮ ಕೈಲಾಗಲ್ಲಮ್ಮ" ಎಂದರು ಮ್ಯಾನೇಜರು. ನನಗೂ ಹಾಗೆಯೇ ಅನಿಸಿತ್ತು. ಆದರೂ ಹೋದೆ.

ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಕಡೆ ಸೇರಬಾರದೆಂದು ಅಲ್ಲಿ ಎಡಕ್ಕೊಂದು, ಬಲಕ್ಕೊಂದು ಕೌಂಟರ್ ಮಾಡಿದ್ದರು. ಎಡಗಡೆಗೆ ಶಿವಾಜಿನಗರದ ಒಬ್ಬ ಗುಮಾಸ್ತ, ಎಲ್ಲರೂ ಭಾಯ್ ಎನ್ನುತ್ತಿದ್ದರು. ಬಲಗಡೆಗೆ ಒಬ್ಬ ಹೆಂಗಸು. ಇಬ್ಬರ ನಡುವೆ ಸ್ಟೂಲ್ ಹಾಕಿಕೊಂಡು ಕೂತೆ. ಉಗುರು ಕಿತ್ತುಹೋದವರು, ಹಲ್ಲನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದವರು, ಬೆನ್ನಿಗೆ ಬೆಲ್ಟಿನ ಬರೆ ಬಿದ್ದ ಶಾಲಾ ಹುಡುಗಿ. ಅವಳನ್ನು ಕಂಡು ಹೊರಗೆ ಹೋಗಿ ವಾಂತಿ ಮಾಡಿ ಬಂದೆ.

ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಆಟೋ ಸರದಿಗಾಗಿ ಹೊಡೆದಾಡಿದ ಎರಡು ಗುಂಪು ಬಂತು. ಒಂದು ಕಡೆಯವನ ಹಲ್ಲು ಮುರಿದಿತ್ತು. ಇನ್ನೊಂದು ಕಡೆಯವನ ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು. ಅವರ ಜನ ಎರಡೂ ಗಾಜಿನ ಮುಂದೆ ನಿಂತು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯುತ್ತಿದ್ದರು. ಡಾಕ್ಟರು ನೋಡಿ, ಬರೆದು, ಒಳಗೆ ಹೋದರು. ಎರಡು ಪರದೆಯ ಮೇಲೂ ದಾಖಲೆ ಸಿದ್ಧವಾಗಿ ಕೂತಿತ್ತು. ಆದರೆ ಗುಮಾಸ್ತರಿಬ್ಬರೂ ಅಚ್ಚಿಗೆ ಒತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

"ರೆಡಿನಾ ಅಕ್ಕಾ?"

"ರೆಡಿ ಭಾಯ್."

"ಏಕ್... ದೋ... ತೀನ್!"

ಇಬ್ಬರೂ ಒಟ್ಟಿಗೆ ಒತ್ತಿದರು. ಎರಡು ಪ್ರಿಂಟರುಗಳು ಒಟ್ಟಿಗೆ ಗರಗರ ಎಂದವು.

"ಇದೇನು ಹೀಗೆ?" ಎಂದೆ.

"ಒಂದ್ ಪಾರ್ಟಿಗೆ ಮೊದ್ಲು ಕೊಟ್ರೆ, ದುಡ್ಡು ತಿಂದಿದ್ದೀಯಾ ಅಂತ ಇನ್ನೊಂದ್ ಪಾರ್ಟಿ ಗ್ಲಾಸ್ ಒಡೀತಾರೆ ಅಮ್ಮಾ. ಹಿಂದಿನ ಗ್ಲಾಸು ನನ್ನ ಭುಜದಲ್ಲೇ ಇತ್ತು. ಅದಕ್ಕೇ ಇಬ್ರಿಗೂ ಒಟ್ಟಿಗೆ."

"ಹೀಗೆ ಮಾಡಿ ಅಂತ ಯಾರು ಹೇಳಿಕೊಟ್ರು?"

"ಏಟೇ ಹೇಳ್ಕೊಟ್ಟಿದ್ದು!" ಎಂದು ನಗುತ್ತ ಕಾಗದ ಕಿಂಡಿಯತ್ತ ಚಾಚಿದರು.

ಆಗ ನನ್ನ ಬಾಯಿಂದ ಬಂದ ಕೂಗು ನನ್ನದೆಂದು ನನಗೇ ಗೊತ್ತಾಗಲಿಲ್ಲ. "ಕೊಡಬೇಡಿ!"

ಎರಡೂ ಕಾಗದಗಳನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. ಹೊರಗಿನವರು ಗಾಜಿಗೆ ಗುದ್ದತೊಡಗಿದರು. "ಕೊಡೇ ಮುದುಕಿ!" ಎಂದು ಒಬ್ಬ ಕಿಂಡಿಯೊಳಗೆ ಕೈ ತೂರಿಸಿ ನನ್ನ ಸೆರಗು ಹಿಡಿದ. ಸೆರಗು ಹರಿಯಿತು. "ಕೊಟ್ಬಿಡಿ ಅಮ್ಮಾ, ಕೊಲ್ತಾರೆ" ಎಂದರು ಭಾಯ್. ನಾನು ಗೋಡೆಗೆ ಬೆನ್ನು ಕೊಟ್ಟು ಎರಡನೆಯ ಪುಟಗಳನ್ನು ಅಕ್ಕಪಕ್ಕ ಹಿಡಿದು ನೋಡಿದೆ. ಇದರಲ್ಲೂ ಬಾಯಿಗೆ ಗುರುತು, ಅದರಲ್ಲೂ ಬಾಯಿಗೆ ಗುರುತು. ತುಂಡಾದ ಬೆರಳು ಎರಡರಲ್ಲೂ ಇರಲಿಲ್ಲ.

ಆಸ್ಪತ್ರೆಯ ಕಾವಲುಗಾರರು ಗುಂಪನ್ನು ಹೊರಗೆ ತಳ್ಳಿದರು. ನಾನು ಫೋನ್ ಮಾಡಿ ಹೇಳಿದ ಮೇಲೆ ಎಂಜಿನಿಯರನಿಗೆ ಕೋಡಿನಲ್ಲಿ ತಪ್ಪಿದ ಜಾಗ ಸಿಕ್ಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಲೈಬ್ರರಿ ಗುರುತು ಹಾಕಿದ ಚಿತ್ರವನ್ನು ಮೊದಲು ಸರ್ವರಿನ ಒಂದು ತಾತ್ಕಾಲಿಕ ಕಡತದಲ್ಲಿಟ್ಟು, ಆಮೇಲೆ ಅಲ್ಲಿಂದ ಎತ್ತಿ ಪುಟಕ್ಕೆ ಅಂಟಿಸುತ್ತಿತ್ತು. ಆ ಕಡತಕ್ಕೆ ಹೆಸರಿಡುತ್ತಿದ್ದದ್ದು ಗಡಿಯಾರ ನೋಡಿ, ಸೆಕೆಂಡಿನವರೆಗೆ ಮಾತ್ರ. ಒಂದೇ ಸೆಕೆಂಡಿನಲ್ಲಿ ಇಬ್ಬರು ಒತ್ತಿದರೆ ಇಬ್ಬರದೂ ಒಂದೇ ಹೆಸರು. ನಾನು ಒರಳಿನಲ್ಲಿ ಚಟ್ನಿ ರುಬ್ಬಿ ಬಟ್ಟಲು ತರಲು ಹೋದಾಗ, ಪಕ್ಕದ ಮನೆಯವಳು ಬಂದು ಅದನ್ನು ಬಳಿದುಹಾಕಿ ತನ್ನದನ್ನು ರುಬ್ಬಿಟ್ಟರೆ? ನನ್ನ ಬಟ್ಟಲಿಗೂ ಅವಳದೇ ಬರುತ್ತದೆ. ನಾನು ಬಟ್ಟಲು ಮೊದಲೇ ತಂದಿದ್ದರೆ ಯಾವ ತೊಂದರೆಯೂ ಇಲ್ಲ. ಯಾವಾಗಲೋ ಒಂದು ಸಲ ಆಗುತ್ತಿದ್ದದ್ದು ಅದಕ್ಕೇ. ಆಫೀಸಿನಲ್ಲಿ ನಾನೊಬ್ಬಳೇ ಕೂತು ಒತ್ತುವಾಗ ಎಂದೂ ಆಗದಿದ್ದದ್ದೂ ಅದಕ್ಕೇ.

ಎಂಜಿನಿಯರ್ ಪ್ರತಿ ದಾಖಲೆಯ ಚಿತ್ರಕ್ಕೂ ಬೇರೆಯೇ ಹೆಸರು ಬರುವಂತೆ ಕೋಡು ಬದಲಿಸಿದ. ಮ್ಯಾನೇಜರು ನಿರಾಳವಾದರು. "ಇವತ್ತೇ ಹಾಕ್ಬಿಡೋಣ. ಆಸ್ಪತ್ರೆಗೆ ಏನೂ ಹೇಳೋದು ಬೇಡ. ಇನ್ಮೇಲೆ ಆಗಲ್ವಲ್ಲ, ಮುಗೀತು."

ಇನ್ನು ಆಗುವುದಿಲ್ಲ ಎನ್ನುವುದೇ ನನಗೆ ತೊಡಕಾಗಿ ಕಂಡಿತು. ಹಾಕಿಬಿಟ್ಟರೆ ಎಸ್‌ಐಗೆ ತೋರಿಸುವುದು ಹೇಗೆ? ತೋರಿಸದಿದ್ದರೆ ಅವಳ ಸರಿಯಾದ ಕಾಗದ ತಿದ್ದಿದ ಕಾಗದವಾಗಿಯೇ ಉಳಿಯುತ್ತದೆ. ಹಾಕದೆ ಇಟ್ಟರೆ ಅಷ್ಟರಲ್ಲಿ ಇನ್ನೊಬ್ಬರ ಗಾಯ ಮತ್ತೊಬ್ಬರಿಗೆ ಹೋಗುತ್ತದೆ.

"ಹಳೇದು ಹಾಗೇ ಇರ್ಲಿ ಸರ್," ಎಂದೆ. "ಅಚ್ಚು ಮಾಡೋದು ನಿಲ್ಸೋಣ. ಡಾಕ್ಟರು ಕೈಯಲ್ಲೇ ಬೊಂಬೆ ಬರೀಲಿ. ಎಸ್‌ಐ ನೋಡಿದ ಮೇಲೆ ಹೊಸದು ಹಾಕೋಣ."

"ನಿಲ್ಸೋದಕ್ಕೆ ಕಾರಣ ಏನಂತ ಹೇಳ್ತೀರಿ?"

"ಇದ್ದದ್ದೇ ಹೇಳ್ತೀನಿ."

"ಯಾರಿಗೂ ಗೊತ್ತಾಗಲ್ಲಮ್ಮ, ಯಾಕೆ ಸುಮ್ನೆ..."

"ಅವಳ ಗಂಡ ಹೊರಗೆ ಬಂದ ದಿನ ಅವಳಿಗೆ ಗೊತ್ತಾಗುತ್ತಲ್ಲ ಸರ್."

ಅವರು ಹೊಸದನ್ನು ಹಾಕುವುದನ್ನು ತಡೆಹಿಡಿದರು. ನಾನೇ ಆಸ್ಪತ್ರೆಗೆ ಹೋಗಿ, ಮೌಸ್ ಎಸೆದಿದ್ದ ಆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈದರು. ಬೈದು ಮುಗಿಸಿ, ಎರಡೂ ಪಾರ್ಟಿ ಒಟ್ಟಿಗೆ ಬಂದಿದ್ದ ಹಳೆಯ ಪ್ರಕರಣಗಳನ್ನೆಲ್ಲ ತೆಗೆದು ಠಾಣೆಗಳಿಗೆ ತಿಳಿಸಲು ಹೇಳಿ, ಪೆನ್ ಹಿಡಿದು ಬೊಂಬೆ ಬರೆಯತೊಡಗಿದರು.

ಎಸ್‌ಐ ಬಂದ ದಿನ ಯಾದಗಿರಿಯವಳನ್ನೂ ಗಾಲಿಕುರ್ಚಿಯಲ್ಲಿ ಕೆಳಗೆ ತಂದರು. ಎಡ ಕೌಂಟರಿನಲ್ಲಿ ಗಂಡನ ದಾಖಲೆ, ಬಲ ಕೌಂಟರಿನಲ್ಲಿ ಅವಳದು. ಭಾಯ್ ಎಣಿಸಿದರು, ಒತ್ತಿದರು. ಎರಡೂ ಸರಿಯಾಗಿ ಬಂದವು. ಮತ್ತೆ ಒತ್ತಿದರು. ಮತ್ತೆ ಸರಿ. ಎಂಜಿನಿಯರನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಎಸ್‌ಐ ಟೋಪಿ ಎತ್ತಿಕೊಂಡರು.

"ತಡೀರಿ ಸರಾ," ಎಂದಳು ಅವಳು. "ನಾ ಎಣಸ್ತೀನಿ."

ಗಾಲಿಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತು, ಪಕ್ಕೆ ನೋಯುವಷ್ಟು ಜೋರಾಗಿ ಕೂಗಿದಳು: "ಒಂದ್! ಎಲ್ಡ್! ಮೂರ್!"

ಎರಡು ಕಾಗದ ಬಂದವು. ಎರಡರಲ್ಲೂ ಬಲ ಮಣಿಕಟ್ಟಿಗೆ ಒಂದೇ ಚುಕ್ಕೆ. ತಪ್ಪು ಕಾಗದ ಕಂಡು ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ನೋಡಿಲ್ಲ. ಎಸ್‌ಐ ಕೂತು ಎಂಜಿನಿಯರನ ಹೇಳಿಕೆ ಬರೆದುಕೊಂಡರು, ಡಾಕ್ಟರ ಸಹಿ ಹಾಕಿಸಿಕೊಂಡರು. ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಆ ಸಲ ಅವನಿಗೆ ಜಾಮೀನು ಸಿಗಲಿಲ್ಲ. ಅವನು ಹೊರಗೆ ಬರುವ ಮೊದಲೇ ಅವಳು ಕೋಣೆ ಬಿಟ್ಟು, ಅವನಿಗೆ ಗೊತ್ತಿರದ ಊರಿನಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು.

ಎಂಜಿನಿಯರ್ ಅಲ್ಲೇ ಕೂತು ಹೊಸ ಕೋಡು ಹಾಕುತ್ತಿದ್ದ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಅವಳ ಭಾವ, ಗಂಡನ ಅಣ್ಣ, ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೈಯಲ್ಲಿ ಹೆಲ್ಮೆಟ್ ಇತ್ತು. "ನನ್ನ ತಮ್ಮನ್ನ ಒಳಗ ಕೊಳಸ್ತೀಯೇನಲೇ ಬೋಸುಡಿ!" ಎಂದು ಅವಳ ತಲೆಯ ಪಟ್ಟಿಗೇ ಗುರಿಯಿಟ್ಟು ಬೀಸಿದ.

ನಾನು ಅಡ್ಡ ಹೋದೆ ಎಂದು ಆಮೇಲೆ ಎಲ್ಲರೂ ಹೇಳಿದರು. ನಿಜ ಹೇಳಬೇಕೆಂದರೆ ನಾನು ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದೆ, ಅಷ್ಟೇ. ಹೆಲ್ಮೆಟ್ಟಿನ ಅಂಚು ಹುಬ್ಬಿಗೆ ಬಿತ್ತು. ಶಬ್ದ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಒಂದು ಕಣ್ಣಿಗೆ ಲೋಕ ಕೆಂಪಾಯಿತು. ಇನ್ನೊಂದರಿಂದ ನೋಡಿದೆ: ಅವನು ಮತ್ತೆ ಕೈಯೆತ್ತಿದ್ದ. ಎಸ್‌ಐ ಜೊತೆ ಬಂದಿದ್ದ ಪೇದೆಯ ಲಾಠಿ ಅವನ ಮೊಣಕೈ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದಂತೆ ಆಯಿತು. ಅವನು ನೆಲದ ಮೇಲೆ ಹೊರಳುತ್ತ ಚೀರುತ್ತಿದ್ದ. ನನ್ನ ರಕ್ತ ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ನೋವಾಗಲಿ ಎಂದು ನಾನು ಆಗ ಬಯಸಿದೆ. ಇದನ್ನೂ ನಿಮಗೆ ಹೇಳಲೇಬೇಕು.

ಡಾಕ್ಟರು ನನಗೆ ಹೊಲಿಗೆ ಹಾಕುವಷ್ಟರಲ್ಲಿ ಎಂಜಿನಿಯರ್ ಹೊಸ ಕೋಡು ಹಾಕಿ ಮುಗಿಸಿದ್ದ. ಅವರು ಪರದೆಯ ಬೊಂಬೆಯ ಎಡಹುಬ್ಬಿನ ಮೇಲೆ ಒತ್ತಿದರು. ಇನ್ನೊಂದು ಕಡೆ ಅವನ ಮೊಣಕೈ. ನಾನು ಒಂದು ಪಾರ್ಟಿ, ಅವನು ಇನ್ನೊಂದು ಪಾರ್ಟಿ. ಬಲ ಕೌಂಟರಿನ ಹೆಂಗಸು ನನ್ನತ್ತ ಬಗ್ಗಿ ಮೆಲ್ಲಗೆ, "ನಿಮ್ದು ಮೊದ್ಲು ತೆಗೆದ್ಬಿಡ್ಲಾಮ್ಮ?" ಎಂದಳು.

"ಬೇಡ," ಎಂದೆ. "ಒಟ್ಟಿಗೇ ಒತ್ತಿ. ಯಾವಾಗ್ಲೂ ಒತ್ತೋ ಹಾಗೆ."

ಎಂಜಿನಿಯರ್ ಬೆರಳು ಕಚ್ಚಿಕೊಂಡು ನಿಂತ. ಭಾಯ್ ಎಣಿಸಿದರು. ಒತ್ತಿದರು. ಮತ್ತೆ ಮತ್ತೆ ಒತ್ತಿಸಿದೆ, ಇಬ್ಬರಿಗೂ ಬೇಸರವಾಗುವಷ್ಟು. ನನ್ನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ನೀರು. ಕಾಗದ ಕಾಣಿಸಲಿಲ್ಲ. ಯಾದಗಿರಿಯವಳು ಗಾಲಿಕುರ್ಚಿಯಿಂದಲೇ ಕೈ ಚಾಚಿ ಎಲ್ಲವನ್ನೂ ಇಸಿದುಕೊಂಡು ತೊಡೆಯ ಮೇಲೆ ಜೋಡಿಸಿ, ಒಂದೊಂದೇ ಚಿತ್ರದ ಮೇಲೆ ಬೆರಳಾಡಿಸಿ ನೋಡಿದಳು. 

"ನಿಮ್ಮ ಗಾಯ ನಿಮಗೇ ಬಂದೈತಿ ಯವ್ವಾ," ಎಂದಳು.